ನ್ಯಾಯಾಲಯದ ದಾಖಲೆ ಮತ್ತು ವಾರಂಟುಗಳ ಶೋಧನೆ: ವರ್ತಕರು ತಿಳಿದಿರಬೇಕಾದ ಕ್ರಮ

ಉದ್ರಿಯಿಲ್ಲದೆ ವ್ಯಾಪಾರ ನಡೆಯದು. ನಂಬಿಕೆಯಿಲ್ಲದೆ ಉದ್ರಿ ಹುಟ್ಟದು. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಂತಹ ಹೋಬಳಿ ಕೇಂದ್ರಗಳಲ್ಲಿ ಈ ನಂಬಿಕೆಯು ಮುಖಪರಿಚಯ ಹಾಗೂ ಮನೆತನದ ಹೆಸರನ್ನು ಆಧರಿಸಿ ಬೆಳೆದುಬಂದಿದೆ. ಆದರೆ ಮೆಕ್ಕೆಜೋಳ, ಭತ್ತ ಮತ್ತು ಅಡಿಕೆಯ ವ್ಯವಹಾರವು ತಾಲ್ಲೂಕು, ಜಿಲ್ಲೆಗಳ ಗಡಿಯನ್ನು ದಾಟಿದಾಗ ಮುಖಪರಿಚಯವೊಂದೇ ಸಾಲದು. ಹೊಸ ಗಿರಾಕಿಯ ಮೇಲೆ ಚೆಕ್ ಅಮಾನ್ಯತೆಯ ಪ್ರಕರಣಗಳಿವೆಯೇ, ಕೊಳ್ಳಲಿರುವ ನಿವೇಶನದ ಮೇಲೆ ದಾವೆಯಿದೆಯೇ, ತನ್ನದೇ ಹೆಸರಿನಲ್ಲಿ ಅರಿವಿಗೆ ಬಾರದ ವಾರಂಟು ಉಳಿದಿದೆಯೇ ಎಂಬುದನ್ನು ಪ್ರತಿಯೊಬ್ಬ ವರ್ತಕನೂ ಕಾನೂನುಬದ್ಧವಾಗಿ ತಿಳಿದುಕೊಳ್ಳಬಹುದಾಗಿದೆ. ಈ ಶೋಧನೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ವಾರಂಟಿನ ವಿಧಗಳು

ವರ್ತಕರಿಗೆ ಸಂಬಂಧಿಸಿದ ವಾರಂಟುಗಳು ಮುಖ್ಯವಾಗಿ ಮೂರು ಬಗೆಯವು. ಮೊದಲನೆಯದು, ಕ್ರಿಮಿನಲ್ ಪ್ರಕರಣದಲ್ಲಿ ಸಮನ್ಸಿಗೆ ಹಾಜರಾಗದವರ ವಿರುದ್ಧ ಹೊರಡುವ ಬಂಧನ ವಾರಂಟು. ಇದು ಜಾಮೀನುಸಹಿತವಾಗಿರಬಹುದು ಅಥವಾ ಜಾಮೀನುರಹಿತವಾಗಿರಬಹುದು. ಎರಡನೆಯದು, ವಿಧಿಸಿದ ದಂಡವನ್ನು ಕಟ್ಟದಿದ್ದಾಗ ಅದರ ವಸೂಲಿಗಾಗಿ ಹೊರಡುವ ವಾರಂಟು. ಮೂರನೆಯದು, ಸಿವಿಲ್ ಡಿಕ್ರಿಯ ಅಮಲ್ಜಾರಿಯಲ್ಲಿ ಹೊರಡುವ ಜಪ್ತಿ ಅಥವಾ ಬಂಧನದ ವಾರಂಟು.

ಇವೆಲ್ಲವನ್ನೂ ಹೆಸರಿನಿಂದ ಹುಡುಕಬಹುದಾದ ಒಂದೇ ಸಾರ್ವಜನಿಕ ಪಟ್ಟಿಯು ಭಾರತದಲ್ಲಿಲ್ಲ. ವಾರಂಟು ಒಂದು ಪ್ರಕರಣದ ಆದೇಶವಾದುದರಿಂದ ಮೊದಲು ಪ್ರಕರಣವನ್ನು ಹುಡುಕಿ, ನಂತರ ಅದರೊಳಗಿನ ಆದೇಶಗಳನ್ನು ಓದಬೇಕು.

ಯಾವ ನ್ಯಾಯಾಲಯದಲ್ಲಿ ಹುಡುಕಬೇಕು?

ಹೆಚ್ಚಿನವರು ತಪ್ಪುವುದು ಈ ಹಂತದಲ್ಲಿಯೇ. ವ್ಯಕ್ತಿಯ ಸ್ವಂತ ಊರಿನ ನ್ಯಾಯಾಲಯದಲ್ಲಿ ಮಾತ್ರ ಹುಡುಕಿ, ಏನೂ ಇಲ್ಲವೆಂದು ನಿಶ್ಚಿಂತರಾಗುತ್ತಾರೆ. ಆದರೆ ಪ್ರಕರಣವು ದಾಖಲಾಗುವುದು ವ್ಯವಹಾರ ನಡೆದ ಜಾಡಿನಲ್ಲಿ.

ಚೆಕ್ ಅಮಾನ್ಯತೆಯ ಪ್ರಕರಣಗಳು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನ ಅಡಿಯಲ್ಲಿ ಬರುತ್ತವೆ. 2015ರ ತಿದ್ದುಪಡಿಯ ಪ್ರಕಾರ, ಚೆಕ್ಕನ್ನು ಖಾತೆಗೆ ಜಮಾ ಮಾಡಲು ಹಾಕಿದ್ದರೆ, ಹಣ ಪಡೆಯಬೇಕಾದವರು ಖಾತೆ ಹೊಂದಿರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ದೂರು ಸಲ್ಲಬೇಕು. ಉದಾಹರಣೆಗೆ, ಸಾಸ್ವೆಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ರಾಣೆಬೆನ್ನೂರಿನ ಕೋಳಿ ಆಹಾರ ತಯಾರಕರೊಬ್ಬರಿಗೆ 6 ಲಕ್ಷ ರೂಪಾಯಿಗಳ ಸರಕನ್ನು ಉದ್ರಿ ನೀಡಲು ಯೋಚಿಸುತ್ತಿದ್ದಾರೆಂದು ಇಟ್ಟುಕೊಳ್ಳಬಹುದು. ಆ ತಯಾರಕರು ಹಿಂದೆ ದಾವಣಗೆರೆಯ ಗೋಣಿಚೀಲದ ವರ್ತಕರಿಗೆ ನೀಡಿದ ಚೆಕ್ ಅಮಾನ್ಯವಾಗಿದ್ದಲ್ಲಿ, ಪ್ರಕರಣವಿರುವುದು ದಾವಣಗೆರೆಯಲ್ಲಿ. ಹಾವೇರಿ ಜಿಲ್ಲೆಯನ್ನು ಮಾತ್ರ ಹುಡುಕಿದವರಿಗೆ ಅದು ಕಾಣುವುದೇ ಇಲ್ಲ. ಕಾಣದಿದ್ದುದರ ಬೆಲೆ 6 ಲಕ್ಷ ರೂಪಾಯಿಗಳಾಗಬಹುದು. ಆದಕಾರಣ ಎದುರು ಪಕ್ಷದವರು ಯಾವ ಯಾವ ಪೇಟೆಗಳಿಂದ ಸರಕು ಕೊಳ್ಳುತ್ತಾರೆಂಬುದನ್ನು ಮೊದಲು ವಿಚಾರಿಸಿ, ಆ ಜಿಲ್ಲೆಗಳಲ್ಲೆಲ್ಲ ಹುಡುಕುವುದು ಅಗತ್ಯ.

ಹಣದ ದಾವೆಗಳಲ್ಲಿ ಪ್ರತಿವಾದಿಯು ವಾಸಿಸುವ ಅಥವಾ ವ್ಯಾಪಾರ ನಡೆಸುವ ಸ್ಥಳ, ಇಲ್ಲವೇ ವ್ಯಾಜ್ಯಕಾರಣ ಉದ್ಭವಿಸಿದ ಸ್ಥಳವು ವ್ಯಾಪ್ತಿಯನ್ನು ನಿರ್ಧರಿಸುತ್ತದೆ. ಉಚ್ಚ ನ್ಯಾಯಾಲಯದ ಮಟ್ಟದಲ್ಲಿಯೂ ಈ ಭೇದ ಗಮನಾರ್ಹ: ದಾವಣಗೆರೆ ಜಿಲ್ಲೆಯ ಮೇಲ್ಮನವಿಗಳು ಬೆಂಗಳೂರಿನ ಪ್ರಧಾನ ಪೀಠಕ್ಕೂ ನೆರೆಯ ಹಾವೇರಿ ಜಿಲ್ಲೆಯವು ಧಾರವಾಡ ಪೀಠಕ್ಕೂ ಹೋಗುತ್ತವೆ.

ಹಳೆಯ ದಾಖಲೆಗಳಿಗೆ ಜಿಲ್ಲೆಗಳ ಇತಿಹಾಸವೂ ತಿಳಿದಿರಬೇಕು. ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದುದು 1997ರಲ್ಲಿ. ಅದಕ್ಕೆ ಮೊದಲು ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು. ಆ ಕಾಲದ ಪಾಲು ವಿಭಾಗದ ದಾವೆಗಳ ಮೇಲ್ಮನವಿಯ ಜಾಡು ಆ ಜಿಲ್ಲಾ ನ್ಯಾಯಾಲಯಗಳಿಗೆ ಕೊಂಡೊಯ್ಯುತ್ತದೆ. ಹೊನ್ನಾಳಿಯಿಂದ ಬೇರ್ಪಟ್ಟು ರಚನೆಯಾದ ನ್ಯಾಮತಿ ತಾಲ್ಲೂಕಿನ ಹಳೆಯ ಪ್ರಕರಣಗಳನ್ನು ಹೊನ್ನಾಳಿಯ ದಾಖಲೆಗಳಲ್ಲಿ ನೋಡಬೇಕಾಗುತ್ತದೆ.

ಹುಡುಕುವ ಕ್ರಮ

ನ್ಯಾಯಾಲಯಗಳ ಗಣಕೀಕರಣದ ಇ-ಕೋರ್ಟ್ಸ್ ಯೋಜನೆ 2007ರಲ್ಲಿ ಆರಂಭವಾಯಿತು. ಅದರ ಜಾಲತಾಣವು 2013ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇ-ಕೋರ್ಟ್ಸ್ ಸೇವೆಯ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ ಮತ್ತು ನ್ಯಾಯಾಲಯ ಸಂಕೀರ್ಣವನ್ನು ಆಯ್ದು ಪಕ್ಷಕಾರರ ಹೆಸರು, ಪ್ರಕರಣ ಸಂಖ್ಯೆ, ಎಫ್.ಐ.ಆರ್. ಸಂಖ್ಯೆ, ವಕೀಲರ ಹೆಸರು ಅಥವಾ ಕಾಯ್ದೆಯ ಹೆಸರಿನಿಂದ ಶುಲ್ಕವಿಲ್ಲದೆ ಹುಡುಕಬಹುದು. ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು.

1. ಹೆಸರಿನ ಅಕ್ಷರಗಳು: ಹೆಸರುಗಳು ಬಹುತೇಕ ಇಂಗ್ಲಿಷ್ ಲಿಪಿಯಲ್ಲಿರುತ್ತವೆ. ‘ಹನುಮಂತಪ್ಪ’ ಎಂಬ ಒಂದೇ ಹೆಸರನ್ನು ನಾಲ್ಕಾರು ಬಗೆಯಲ್ಲಿ ಬರೆದಿರಬಹುದು. ಪೂರ್ಣ ಹೆಸರಿನ ಬದಲು ಮೊದಲ ನಾಲ್ಕೈದು ಅಕ್ಷರಗಳಿಂದ ಹುಡುಕುವುದು ಲೇಸು.

2. ಸಂಸ್ಥೆಯ ಹೆಸರು: ಅಂಗಡಿ ಅಥವಾ ಮಿಲ್ಲಿನ ಹೆಸರು, ಮಾಲೀಕರ ಹೆಸರು, ಪ್ರತಿ ಪಾಲುದಾರರ ಹೆಸರು, ಇವೆಲ್ಲವನ್ನೂ ಬೇರೆಬೇರೆಯಾಗಿ ಹುಡುಕಬೇಕು.

3. ವರ್ಷ ಮತ್ತು ಸ್ಥಿತಿ: ಹೆಸರಿನ ಶೋಧನೆಯಲ್ಲಿ ವರ್ಷವನ್ನು ನಮೂದಿಸಬೇಕಾಗುವುದರಿಂದ ಒಂದೊಂದು ವರ್ಷವನ್ನೂ ನೋಡಬೇಕು. ಬಾಕಿ ಪ್ರಕರಣಗಳ ಜೊತೆಗೆ ವಿಲೇವಾರಿಯಾದವನ್ನೂ ನೋಡಬೇಕು. ಹಣದ ಡಿಕ್ರಿಯನ್ನು ಅಮಲ್ಜಾರಿ ಮಾಡಿಸಲು 12 ವರ್ಷಗಳ ಕಾಲಾವಕಾಶವಿದೆ. ‘ವಿಲೇವಾರಿ’ ಎಂದಿರುವ ದಾವೆಯ ಹಿಂದೆ ಸಲ್ಲದ ಸಾಲವಿರಬಹುದು.

4. ಸಿ.ಎನ್.ಆರ್. ಸಂಖ್ಯೆ: ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಈ ಸಂಖ್ಯೆಯಿರುತ್ತದೆ. ಒಮ್ಮೆ ಬರೆದಿಟ್ಟುಕೊಂಡರೆ ಮುಂದೆ ಅದೊಂದರಿಂದಲೇ ಪ್ರಕರಣವನ್ನು ತೆರೆಯಬಹುದು.

5. ಒಂದೇ ಹೆಸರಿನ ಹಲವರು: ತಂದೆಯ ಹೆಸರು, ವಿಳಾಸ, ಸಂಸ್ಥೆಯ ಹೆಸರು ಹೊಂದಿಕೆಯಾಗದ ಹೊರತು ಪ್ರಕರಣವು ಅದೇ ವ್ಯಕ್ತಿಯದೆಂದು ಭಾವಿಸಲಾಗದು.

ದಾಖಲೆಯನ್ನು ಓದುವ ಬಗೆ

ಕರ್ನಾಟಕದಲ್ಲಿ ಖಾಸಗಿ ದೂರು ಮೊದಲು ಪಿ.ಸಿ.ಆರ್. ಸಂಖ್ಯೆಯನ್ನು ಪಡೆಯುತ್ತದೆ; ನ್ಯಾಯಾಲಯವು ಸಂಜ್ಞೇಯತೆ ತೆಗೆದುಕೊಂಡು ಪ್ರಕರಣ ನಡೆಸಲು ಆದೇಶಿಸಿದ ಮೇಲೆ ಸಿ.ಸಿ. ಸಂಖ್ಯೆ ಬರುತ್ತದೆ. ಮೂಲ ದಾವೆಗೆ ಓ.ಎಸ್. ಎಂಬ ಗುರುತಿರುತ್ತದೆ. ಪ್ರತಿ ವಾಯಿದೆಯ ದಿನದ ನಡವಳಿಯನ್ನು ತೆರೆದು ಓದಿದಾಗ ‘ಸಮನ್ಸು’, ‘ಬಿ.ಡಬ್ಲ್ಯು.’ ಅಂದರೆ ಜಾಮೀನುಸಹಿತ ವಾರಂಟು, ‘ಎನ್.ಬಿ.ಡಬ್ಲ್ಯು.’ ಅಂದರೆ ಜಾಮೀನುರಹಿತ ವಾರಂಟು ಎಂಬ ನಮೂದುಗಳು ದೊರೆಯುತ್ತವೆ. ಆರೋಪಿಯು ಬಹುಕಾಲ ಸಿಗದಿದ್ದರೆ ಪ್ರಕರಣವು ದೀರ್ಘಕಾಲ ಬಾಕಿಯಿರುವ ಪ್ರಕರಣಗಳ ವಹಿಗೆ ಹೋಗುವುದುಂಟು. ಆಗ ವಾಯಿದೆಗಳು ನಿಂತಂತೆ ಕಂಡರೂ ವಾರಂಟು ಜೀವಂತವಾಗಿರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೆಯ ಕಲಮಿನ ಪ್ರಕಾರ, ಹೊರಡಿಸಿದ ನ್ಯಾಯಾಲಯವು ರದ್ದುಪಡಿಸುವವರೆಗೆ ಅಥವಾ ಅದು ಜಾರಿಯಾಗುವವರೆಗೆ ಬಂಧನ ವಾರಂಟು ಊರ್ಜಿತದಲ್ಲಿರುತ್ತದೆ.

ಪ್ರಕರಣವಿದ್ದ ಮಾತ್ರಕ್ಕೆ ವ್ಯಕ್ತಿ ಅಪ್ರಾಮಾಣಿಕನೆಂದು ತೀರ್ಮಾನಿಸುವುದು ಸಲ್ಲದು. ಸರಕಿನ ಗುಣಮಟ್ಟದ ತಕರಾರಿನಿಂದ ಹುಟ್ಟಿದ ಒಂದು ಪ್ರಕರಣಕ್ಕೂ, ಬೇರೆಬೇರೆ ವರ್ತಕರು ಒಂದೇ ವರ್ಷದಲ್ಲಿ ಹೂಡಿದ ಐದಾರು ಚೆಕ್ ಪ್ರಕರಣಗಳಿಗೂ ಬಹಳ ಅಂತರವಿದೆ. ದೊರೆತ ಮಾಹಿತಿಯನ್ನು ಉದ್ರಿಯ ಮಿತಿಯನ್ನು ನಿರ್ಧರಿಸಲು ಬಳಸಬೇಕೇ ಹೊರತು ಪೇಟೆಯಲ್ಲಿ ಹರಡಲು ಅಲ್ಲ. ಮಾನನಷ್ಟದ ಹೊಣೆ ಹರಡಿದವರ ಮೇಲೆ ಬರುತ್ತದೆ.

ಸ್ಥಿರಾಸ್ತಿ ಕೊಳ್ಳುವಾಗ

ಗೋದಾಮು ಅಥವಾ ಮಿಲ್ಲಿಗಾಗಿ ಜಮೀನು ಕೊಳ್ಳುವವರು ಋಣಭಾರ ಪತ್ರವನ್ನು ಮಾತ್ರ ನೋಡಿ ತೃಪ್ತರಾಗುವುದುಂಟು. ಆ ಪತ್ರವು ನೋಂದಾಯಿತ ವ್ಯವಹಾರಗಳನ್ನು ತೋರಿಸುತ್ತದೆ. ನ್ಯಾಯಾಲಯದಲ್ಲಿ ನಡೆಯುತ್ತಿರುವ ಪಾಲಿನ ದಾವೆಯು ಅದರಲ್ಲಿ ಕಾಣದೇ ಇರಬಹುದು. ಆಸ್ತಿ ವರ್ಗಾವಣೆ ಕಾಯ್ದೆಯ 52ನೆಯ ಕಲಮಿನಂತೆ, ದಾವೆ ನಡೆಯುತ್ತಿರುವಾಗ ಕೊಂಡವರು ದಾವೆಯ ಫಲಿತಾಂಶಕ್ಕೆ ಬದ್ಧರಾಗುತ್ತಾರೆ. ಆದುದರಿಂದ ಮಾರಾಟಗಾರರ ಜೊತೆಗೆ ಅವರ ತಂದೆ, ಸಹೋದರ ಮತ್ತು ಸಹೋದರಿಯರ ಹೆಸರಿನಲ್ಲಿಯೂ ಶೋಧನೆ ನಡೆಸಬೇಕು. ಪಹಣಿಯ 11ನೆಯ ಅಂಕಣವನ್ನೂ ಪರಿಶೀಲಿಸಬೇಕು.

ದೃಢೀಕೃತ ನಕಲು

ಜಾಲತಾಣದ ಮಾಹಿತಿಯು ಸುಳಿವು ಮಾತ್ರ, ಪುರಾವೆಯಲ್ಲ. ಪ್ರಕರಣದ ಪಕ್ಷಕಾರರು ನ್ಯಾಯಾಲಯದ ನಕಲು ವಿಭಾಗದಲ್ಲಿ ಅರ್ಜಿ ಮತ್ತು ಶುಲ್ಕ ಸಲ್ಲಿಸಿ ದೃಢೀಕೃತ ನಕಲನ್ನು ಪಡೆಯಬಹುದು. ಪಕ್ಷಕಾರರಲ್ಲದವರು ನಕಲು ಬೇಕಾದ ಕಾರಣವನ್ನು ತಿಳಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕು. ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಯಿಂದ ಈ ಕೆಲಸ ಆಗದು. ನಕಲುಗಳನ್ನು ನ್ಯಾಯಾಲಯದ ನಿಯಮಗಳ ಮೂಲಕವೇ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ, ಗುಜರಾತ್ ಉಚ್ಚ ನ್ಯಾಯಾಲಯಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಗಣಕೀಕರಣಕ್ಕೆ ಮುಂಚಿನ ಪ್ರಕರಣಗಳಿಗೆ ವಕೀಲರ ಮೂಲಕ ದಾಖಲೆ ಕೊಠಡಿಯಲ್ಲಿ ವಿಚಾರಿಸುವುದೇ ಮಾರ್ಗ.

ತನ್ನದೇ ಹೆಸರಿನಲ್ಲಿ ವಾರಂಟು ಕಂಡುಬಂದರೆ

ಅಂಗಡಿಯ ವಿಳಾಸ ಬದಲಾದಾಗ ಸಮನ್ಸು ಕೈಸೇರದೆ ಇರಬಹುದು. ಇನ್ನೂ ಹೆಚ್ಚಾಗಿ ಸಂಭವಿಸುವುದೆಂದರೆ, ಚೆಕ್ ಪ್ರಕರಣವು ಹಿರಿಯರ ಸಮ್ಮುಖದಲ್ಲಿ ರಾಜಿಯಾಗಿ ಹಣವೂ ಸಂದಾಯವಾದ ಮೇಲೆ, ಎಲ್ಲವೂ ಮುಗಿಯಿತೆಂದು ವಾಯಿದೆಗೆ ಹೋಗದೆ ಉಳಿಯುವುದು. ರಾಜಿಯು ನ್ಯಾಯಾಲಯದಲ್ಲಿ ದಾಖಲಾಗುವವರೆಗೆ ಪ್ರಕರಣ ಮುಗಿಯುವುದಿಲ್ಲ. ಗೈರುಹಾಜರಿಯ ಮೇಲೆ ವಾರಂಟು ಹೊರಡುತ್ತದೆ. ಸಾಲ ತೀರಿಸಿದವರು ಮಗಳ ಮದುವೆಯ ವಾರದಲ್ಲಿ ಪೊಲೀಸರ ಎದುರು ನಿಲ್ಲಬೇಕಾದ ಸಂದರ್ಭ ಇದರಿಂದ ಒದಗಬಹುದು.

ವಾರಂಟು ಕಂಡುಬಂದಲ್ಲಿ ಅಡಗಿಕೊಳ್ಳುವುದರಿಂದ ಹಾನಿಯೇ ಹೆಚ್ಚು. ವಕೀಲರೊಡನೆ ತಾವಾಗಿಯೇ ಹಾಜರಾಗಿ, ಗೈರುಹಾಜರಿಯ ಕಾರಣ ತಿಳಿಸಿ, ವಾರಂಟಿನ ರದ್ದತಿಗೆ ಅರ್ಜಿ ಸಲ್ಲಿಸಬೇಕು. 138ನೆಯ ಕಲಮಿನ ಅಪರಾಧವು ಜಾಮೀನು ನೀಡಬಹುದಾದದ್ದು. ರದ್ದತಿಯ ಆದೇಶವಾದ ಕೂಡಲೇ ಅದರ ದೃಢೀಕೃತ ನಕಲನ್ನು ಪಡೆದು, ಠಾಣೆಯಿಂದ ವಾರಂಟು ಹಿಂದಕ್ಕೆ ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಈ ಎಚ್ಚರಿಕೆ ಅನಗತ್ಯವಲ್ಲ. ಮುಂಬಯಿಯ ವಕೀಲರೊಬ್ಬರನ್ನು, ಆಗಲೇ ರದ್ದಾಗಿದ್ದ ಜಾಮೀನುರಹಿತ ವಾರಂಟಿನ ಆಧಾರದ ಮೇಲೆ 2002ರ ಆಗಸ್ಟ್ 15ರಂದು ಬಂಧಿಸಲಾಗಿತ್ತು. ರಘುವಂಶ ದೇವನ್‌ಚಂದ್ ಭಾಸಿನ್ ಎಂಬ ಹೆಸರಿನ ಆ ಪ್ರಕರಣದಲ್ಲಿ 2011ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ವಾರಂಟುಗಳಿಗೆ ವಹಿಯನ್ನು ಇಡಬೇಕೆಂದೂ ರದ್ದಾದ ವಾರಂಟನ್ನು ಠಾಣೆಯಿಂದ ಹಿಂದಕ್ಕೆ ತರಿಸಬೇಕೆಂದೂ ನಿರ್ದೇಶನ ನೀಡಿತು.

ವರ್ಷಾಂತ್ಯದಲ್ಲಿ ಲೆಕ್ಕಪತ್ರಗಳನ್ನು ಮುಗಿಸುವಾಗ ಬಾಕಿದಾರರ ಪಟ್ಟಿಯನ್ನು ಪರಿಶೀಲಿಸುವುದು ವರ್ತಕರಲ್ಲಿ ರೂಢಿಯಿದೆ. ಅದೇ ದಿನ ದೊಡ್ಡ ಬಾಕಿದಾರರ ಹೆಸರುಗಳನ್ನೂ, ತನ್ನ ಮತ್ತು ಪಾಲುದಾರರ ಹೆಸರುಗಳನ್ನೂ ವ್ಯವಹಾರ ನಡೆದ ಜಿಲ್ಲೆಗಳ ದಾಖಲೆಗಳಲ್ಲಿ ಒಮ್ಮೆ ಶೋಧಿಸಿ, ದೊರೆತ ಸಿ.ಎನ್.ಆರ್. ಸಂಖ್ಯೆಗಳನ್ನು ಖಾತೆ ಪುಸ್ತಕದಲ್ಲಿಯೇ ಬರೆದಿಡುವುದು ಒಳ್ಳೆಯದು. ಇದಕ್ಕೆ ತಗಲುವುದು ಅರ್ಧ ದಿನದ ಶ್ರಮ ಮಾತ್ರ.