ಹಗ್ಗ ಯಾರ ಕೈಯಲ್ಲಿ?

ನಾನು ಗೋಪಾಲಮಿತ್ರ. ಬಶೀರಾಬಾದ್ ಸುತ್ತಿನ ಹಳ್ಳಿಗಳಲ್ಲಿ ಹಸು-ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕೆಲಸ. ಆದರೆ ಬೈಕು ನಿಲ್ಲಿಸಿದ ಕಡೆಯೆಲ್ಲ ಈಗ ನಾಯಿಯ ಮಾತು. “ಡಾಕ್ಟರ್ ಸಾಬ್, ದೊಡ್ಡ ನಾಯಿ ತಂದ್ರ ಕಳ್ಳ ಬರಂಗಿಲ್ಲಲ್ರಿ?” ಕೇಳಿ ಕೇಳಿ ಕಲಿತದ್ದಿಷ್ಟು.

1. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಬಲದ ಕೈ ಯಾರದು, ಅದನ್ನು ಮೊದಲು ನೋಡಿ. ನಾಯಿ ಬೇಕೆಂದು ಹಟ ಹಿಡಿದ ಮಗ ಬೆಳಗಾದರೆ ತಾಂಡೂರಿನ ಬಂಡೆ ಪಾಲಿಶ್ ಕಾರ್ಖಾನೆಗೆ ಹೊರಡುತ್ತಾನೆ. ಹಗ್ಗ ಅಜ್ಜಿಯ ಕೈಗೆ ಬರುತ್ತದೆ. ಒಂದು ಮನೆಯಲ್ಲಿ 32 ಕೆ.ಜಿ.ಯ ಲ್ಯಾಬ್ರಡಾರ್ ಬೆಕ್ಕು ಕಂಡು ಜಿಗಿಯಿತು. ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದ ಅಜ್ಜಿ ಅಂಗಳದಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ನಾಯಿಯದು ಬಲು ಒಳ್ಳೆಯ ಸ್ವಭಾವ. ಅಜ್ಜಿಯ ಮೂಳೆಗೆ ಅದರಿಂದೇನು ಬಂತು? ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ.

2. ಊಟದ ಖರ್ಚು ತೂಕದಷ್ಟೇ ಏರುವುದಿಲ್ಲ, ಔಷಧದ್ದು ಏರುತ್ತದೆ. 5 ಕೆ.ಜಿ.ಯ ನಾಯಿಗೆ ದಿನಕ್ಕೆ ಸುಮಾರು 370 ಕ್ಯಾಲೊರಿ ಸಾಕು; 30 ಕೆ.ಜಿ.ಯದಕ್ಕೆ 1,400ರ ಆಸುಪಾಸು. ತೂಕ ಆರು ಪಟ್ಟು, ಊಟ ನಾಲ್ಕು ಪಟ್ಟಿಗೂ ಕಡಿಮೆ. ಹಾಗೆಂದು ಎಂಟು ಜೋಳದ ರೊಟ್ಟಿ ಹಾಕಿ ಕೈತೊಳೆದುಕೊಂಡರೆ ಆಗದು, ಮೊಟ್ಟೆ-ಮಾಂಸ ಬೇಕು. ಜಂತುಹುಳುವಿನ ಮಾತ್ರೆ ಸಾಮಾನ್ಯವಾಗಿ 10 ಕೆ.ಜಿ.ಗೆ ಒಂದು. ರೇಬೀಸ್ ಲಸಿಕೆ ಮಾತ್ರ ಚಿಕ್ಕದಕ್ಕೂ ದೊಡ್ಡದಕ್ಕೂ ಅದೇ 1 ಮಿ.ಲೀ.

3. ನಮ್ಮ ಭಾಗದಲ್ಲಿ ನೆಲವೂ ಬಂಡೆ, ಎಷ್ಟೋ ಕಡೆ ಗೋಡೆ-ಚಾವಣಿಯೂ ಬಂಡೆ. ಪಾಲಿಶ್ ಮಾಡಿದ ನೀಲಿ ಬಂಡೆಯ ಮೇಲೆ ಭಾರಿ ತಳಿಯ ಮರಿ ಓಡಿದರೆ ಹಿಂಗಾಲುಗಳು ಎರಡೂ ಕಡೆ ಜಾರುತ್ತವೆ. ಮರಿಯಾಗಿರುವ ತಿಂಗಳುಗಳಲ್ಲೇ ಸೊಂಟದ ಕೀಲು ಗಟ್ಟಿಯಾಗುವುದು. ಗೋಣಿಚೀಲ ಹಾಸಿ ಎಂದರೆ, ಮನೆ ಚಂದ ಕಾಣಂಗಿಲ್ರಿ ಅಂತಾರೆ! ಇನ್ನು ಮೇ ತಿಂಗಳು. ಕಾದ ಚಾವಣಿ ರಾತ್ರಿಯೂ ಶಾಖ ಬಿಡುತ್ತಿರುತ್ತದೆ. ದಪ್ಪ ತುಪ್ಪಳದ ದೊಡ್ಡ ನಾಯಿಯೂ ಚಪ್ಪಟೆ ಮೂಗಿನ ಪುಟ್ಟ ಪಗ್ ಕೂಡ ಅದರಡಿ ಏದುಸಿರು ಬಿಡುತ್ತವೆ. ಬಿಸಿಲಿನ ವಿಷಯದಲ್ಲಿ ಗಾತ್ರವೊಂದನ್ನೇ ನಂಬಬೇಡಿ, ಮೂಗನ್ನೂ ನೋಡಿ.

4. ಎತ್ತರ ಬೇರೆ, ಭಾರ ಬೇರೆ. ಮುಧೋಳ ನಾಯಿ ಭುಜದವರೆಗೆ 70 ಸೆಂ.ಮೀ. ಆಸುಪಾಸು ನಿಂತರೂ ತೂಕ 30 ಕೆ.ಜಿ. ಮುಟ್ಟುವುದು ಅಪರೂಪ. 2005ರಲ್ಲಿ ಅದರ ಅಂಚೆಚೀಟಿ ಬಂತು, ಆಮೇಲೆ ಸೈನ್ಯವೂ ತರಬೇತಿಗೆ ತೆಗೆದುಕೊಂಡಿತು. ಆ ಹೆಸರು ಕೇಳಿ ತಂದವರಿದ್ದಾರೆ. ಅದು ಕಣ್ಣಿಗೆ ಬಿದ್ದುದನ್ನು ಅಟ್ಟಿಸಿಕೊಂಡು ಹೋಗುವ ಬೇಟೆ ನಾಯಿ. ತೊಗರಿ ಹೊಲದ ಬದುವಿನಲ್ಲಿ ದಿನಾ ಓಡಿಸುವವನಿಗೆ ಅದು ಬಂಗಾರ. ಪಕ್ಕದ ಮನೆಯಲ್ಲಿ ಆಡುಮರಿ, ಕೋಳಿಗಳಿದ್ದರೆ ವಾರಕ್ಕೊಂದು ಪಂಚಾಯ್ತಿ.

5. ಚಿಕ್ಕ ಮಕ್ಕಳಿಗೆ ಚಿಕ್ಕ ನಾಯಿ ಎನ್ನುವುದು ತಪ್ಪು ಲೆಕ್ಕ. ನಾಲ್ಕು ವರ್ಷದ ಹುಡುಗ ಪೊಮೆರೇನಿಯನ್ ಮರಿಯನ್ನು ಎತ್ತಿಕೊಂಡು ಮಂಚದಿಂದ ಬೀಳಿಸಿದರೆ ಕಾಲು ಮುರಿಯುವುದು ಅದರದು. ನೋವಾದ ಮರಿ ಕಚ್ಚಿದರೆ ಆಗ ಅದು “ಕೆಟ್ಟ ನಾಯಿ”. ಒಬ್ಬಳೇ ಇರುವ ಮುದುಕಿಗೆ ಮಾತ್ರ ಪೊಮೆರೇನಿಯನ್ ಕೊಡಿಸಿ ಎಂದು ನಾನೇ ಹೇಳಿದ್ದೇನೆ. ಕಳ್ಳನನ್ನು ಓಡಿಸುವುದು ಬೊಗಳುವ ಸದ್ದು, ತೂಕವಲ್ಲ.

6. ಮಾರುವವನ ಮಾತಿಗಿಂತ ಕಾಟಾ ನಂಬಿ. ನಾಲ್ಕು ತಿಂಗಳ ಮರಿಯ ತೂಕವನ್ನು ದುಪ್ಪಟ್ಟು ಮಾಡಿದರೆ ಮಧ್ಯಮ ಗಾತ್ರದ ನಾಯಿ ಎಷ್ಟಾಗುತ್ತದೆಂಬ ಅಂದಾಜು ಸಿಗುತ್ತದೆ. ಭಾರಿ ತಳಿಗಳು ಅದಕ್ಕೂ ಹೆಚ್ಚು ಬೆಳೆಯುತ್ತವೆ.

ನನ್ನ ಮನೆಯಲ್ಲಿರುವುದು ರೈಲ್ವೆ ಗೇಟಿನ ಹತ್ತಿರ ಸಿಕ್ಕ ಬೀದಿ ನಾಯಿ. “ಬಾ” ಎಂದರೂ ಬರುತ್ತದೆ, “ರಾ” ಎಂದರೂ, “ಆಜಾ” ಎಂದರೂ. ಸಂಕ್ರಾಂತಿ ಹೊತ್ತಿಗೆ ತೊಗರಿ ತೂಗುವ ಕಾಟಾದ ಮೇಲೆ ನಿಲ್ಲಿಸಿದೆ: 17 ಕೆ.ಜಿ. “ಅದರಾಗ ಎರಡು ಕೆ.ಜಿ. ನನ್ನ ರೊಟ್ಟೀದು” ಅಂದಳು ಹೆಂಡತಿ.