ಕಂಪ್ಯೂಟರ್ ಆನ್ ಆಗ್ತಿಲ್ವಾ? ಗಾಬರಿ ಬೇಡ



ಒಕ್ಕೂಟದ ಕಂಪ್ಯೂಟರ್ ಆನ್ ಆಗದಿದ್ದರೆ "ಸಂಘದ ಲೆಕ್ಕ ಎಲ್ಲಾ ಹೋಯ್ತು" ಎಂದು ಹೆದರುತ್ತೇವೆ. ಲೆಕ್ಕ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಕರೆಂಟ್ ಬರದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ. ಮೊದಲು ನಾವೇ ನೋಡೋಣ:

1. ಗೋಡೆಯ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ, ಕರೆಂಟ್ ಇದೆಯೇ ನೋಡಿ.

2. ಯುಪಿಎಸ್ ಆನ್ ಇದೆಯೇ ನೋಡಿ.

3. ಸ್ವಿಚ್ ಆಫ್ ಮಾಡಿ, ಸಿಪಿಯು ಹಿಂದಿನ ವಯರನ್ನು ಗಟ್ಟಿಯಾಗಿ ಒತ್ತಿ, ಮತ್ತೆ ಆನ್ ಮಾಡಿ.

4. ಫ್ಯಾನ್ ತಿರುಗಿದರೂ ಪರದೆ ಕಪ್ಪಗಿದ್ದರೆ ಮಾನಿಟರಿನ ಸ್ವಿಚ್, ವಯರ್ ನೋಡಿ.

ಸುಟ್ಟ ವಾಸನೆ ಬಂದರೆ ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ, ಪೆಟ್ಟಿಗೆ ಬಿಚ್ಚಬೇಡಿ. ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕು ಎಂದರೆ, ಮೊದಲು ಲೆಕ್ಕವನ್ನು ಕಾಪಿ ಮಾಡಿಸಿಕೊಳ್ಳಿ.

ಪ್ರತಿ ಸಭೆಯ ಲೆಕ್ಕ ಪುಸ್ತಕದಲ್ಲೂ ಇರಲಿ, ಪೆನ್‌ಡ್ರೈವಿನಲ್ಲೂ ಇರಲಿ. ಅದು ನಾವು ಬೆವರು ಸುರಿಸಿ ಉಳಿಸಿದ ದುಡ್ಡಿನ ಲೆಕ್ಕ.