ಬೋರ್ ಒಂದೇ, ವರ್ಗ ಬೇರೆ: ಹಳೆಯ ಕೋವಿ ಕೊಳ್ಳುವವರು ಮೊದಲು ಓದಬೇಕಾದ ಕಾಗದ

ಸೆಕೆಂಡ್ ಹ್ಯಾಂಡ್ ಕೋವಿ ಕೊಳ್ಳಹೊರಟವರು ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ: ಯಾವ ಕಂಪನಿಯದು, ಎಷ್ಟಕ್ಕೆ ಬಿಡುತ್ತಾರೆ? ಹಳೆಯ ಬೈಕು, ಹಳೆಯ ಟಿಲ್ಲರ್ ಕೊಳ್ಳುವಾಗ ಈ ಕ್ರಮ ತಪ್ಪಲ್ಲ. ಬೈಕಿನ ಆರ್‌ಸಿ ಹೆಸರು ಬದಲಾಗುವುದು ಒಂದು ತಿಂಗಳು ತಡವಾದರೆ ಯಾರೂ ಜೈಲಿಗೆ ಹೋಗುವುದಿಲ್ಲ. ಕೋವಿಯ ವಿಷಯದಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಇಲ್ಲಿ ಕಾಗದ ಮೊದಲು, ಕಬ್ಬಿಣ ಆಮೇಲೆ. ಅದರಲ್ಲೂ ಕಡಿಮೆ ಬಜೆಟ್ಟಿನಲ್ಲಿ ಒಂದು ಸೆಮಿ ಆಟೊಮ್ಯಾಟಿಕ್ ಷಾಟ್‌ಗನ್ ಸಿಕ್ಕೀತೇ ಎಂದು ಹುಡುಕುವವರು, ಬೆಲೆ ಕೇಳುವುದಕ್ಕೂ ಮುನ್ನ, ಅಂಥ ಕೋವಿಯನ್ನು ತಮ್ಮ ಪರವಾನಗಿ ಒಳಗೊಳ್ಳುತ್ತದೆಯೇ ಎಂದು ನೋಡಬೇಕು. ಬಹುತೇಕರ ಪರವಾನಗಿ ಒಳಗೊಳ್ಳುವುದಿಲ್ಲ. ಅಮೆರಿಕದ ಅಂಗಡಿಗಳ ವಿಡಿಯೊ ನೋಡಿ ಮನಸ್ಸು ಮಾಡಿದವರಿಗೆ ಇದು ನಿರಾಸೆಯ ಸುದ್ದಿ. ಆದರೆ ಮುಂಗಡ ಕೊಟ್ಟ ಮೇಲೆ ತಿಳಿಯುವುದಕ್ಕಿಂತ ಈಗಲೇ ತಿಳಿಯುವುದು ಮೇಲು.

ಗೊಂದಲ ಹುಟ್ಟುವುದು ‘12 ಬೋರ್’ ಎಂಬ ಮಾತಿನಿಂದ. ಅಜ್ಜನ ಕಾಲದ ಒಂಟಿ ನಳಿಕೆಯ ಕೋವಿಯೂ 12 ಬೋರ್, ಜೋಡಿ ನಳಿಕೆಯದೂ 12 ಬೋರ್, ಸೆಮಿ ಆಟೊಮ್ಯಾಟಿಕ್ ಕೂಡ 12 ಬೋರ್. ಮೂರಕ್ಕೂ ಅದೇ ತೋಟೆ. ಆದರೆ ಕಾನೂನು ನಳಿಕೆಯ ಅಗಲವನ್ನಷ್ಟೇ ನೋಡುವುದಿಲ್ಲ, ಯಂತ್ರ ಕೆಲಸ ಮಾಡುವ ಬಗೆಯನ್ನೂ ನೋಡುತ್ತದೆ. ಕುದುರೆ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರುತ್ತಲೇ ಇರುವ ಪೂರ್ಣ ಸ್ವಯಂಚಾಲಿತ ಆಯುಧ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನಿಷೇಧಿತ. ಸೆಮಿ ಆಟೊಮ್ಯಾಟಿಕ್ ಅದಲ್ಲ. ಅದರಲ್ಲಿ ಒಂದು ಒತ್ತಿಗೆ ಒಂದೇ ಈಡು. ಆದರೆ ಸಿಡಿದ ತೋಟೆಯ ಅನಿಲದ ಅಥವಾ ಹಿಂದೊದೆತದ ಬಲದಿಂದಲೇ ಖಾಲಿ ತೋಟೆ ಹೊರಬಿದ್ದು ಮುಂದಿನದು ತಾನಾಗಿ ಒಳಗೆ ಕೂರುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿ ಇಂಥ ಆಯುಧಗಳನ್ನು ಪಿಸ್ತೂಲಿನಂಥ ಕೆಲವನ್ನು ಬಿಟ್ಟು ಒಂದನೇ ವರ್ಗದ ‘ಬಿ’ ಉಪವರ್ಗದಲ್ಲಿ, ಅಂದರೆ ನಿರ್ಬಂಧಿತ ಆಯುಧಗಳ ಸಾಲಿನಲ್ಲಿ ಇಟ್ಟಿದೆ. ತೋಟೆಯನ್ನು ಹಿಂಬದಿಯಿಂದ ತುಂಬುವ ಮಾಮೂಲಿ ಒಂಟಿ, ಜೋಡಿ ನಳಿಕೆಯ ಕೋವಿಗಳು ಮೂರನೇ ವರ್ಗದವು. ಮುಂಗೈಯಿಂದ ಹಿಂದೆ ಮುಂದೆ ಎಳೆದು ತೋಟೆ ಏರಿಸುವ ಪಂಪ್ ಆ್ಯಕ್ಷನ್ ಕೂಡ, ನಳಿಕೆ ಗಿಡ್ಡವಾಗಿರದಿದ್ದರೆ, ಅದೇ ಮೂರನೆಯದು. ಮೂರನೇ ವರ್ಗಕ್ಕೆ ಪರವಾನಗಿ ಕೊಡುವವರು ಜಿಲ್ಲಾಧಿಕಾರಿ, ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರು. ಒಂದನೇ ವರ್ಗದ ಕಡತ ಹೋಗುವುದು ದೆಹಲಿಯ ಕೇಂದ್ರ ಗೃಹ ಮಂತ್ರಾಲಯಕ್ಕೆ. ಜಿಲ್ಲಾಧಿಕಾರಿ ಕೊಟ್ಟ ಸಾಮಾನ್ಯ 12 ಬೋರ್ ಪರವಾನಗಿ ಕೈಯಲ್ಲಿದೆ ಎಂದು ಸೆಮಿ ಆಟೊಮ್ಯಾಟಿಕ್ ತಂದು ಬೀರುವಿನಲ್ಲಿಟ್ಟರೆ ಅದು ಪರವಾನಗಿಯಿಲ್ಲದ ಕೋವಿಯೇ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಂಡದ್ದಕ್ಕೆ ಸಾಮಾನ್ಯವಾಗಿ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆ ಮತ್ತು ದಂಡ.

ಇಲ್ಲೊಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಕೈ ಪಳಗಿದವರು ಪಂಪ್ ಆ್ಯಕ್ಷನ್‌ನಲ್ಲೂ ಬೇಗ ಬೇಗ ಈಡು ಹಾರಿಸಬಲ್ಲರು. ತೋಟೆ ಒಂದೇ, ಹಾನಿ ಒಂದೇ. ಹೀಗಿರುವಾಗ ಕೈಯಿಂದ ಎಳೆದರೆ ಜಿಲ್ಲೆಯಲ್ಲಿ, ತಾನಾಗಿ ಏರಿದರೆ ದೆಹಲಿಯಲ್ಲಿ ಎಂಬ ಗೆರೆ ಎಷ್ಟು ಸರಿ? ಗೆರೆ ಪರಿಪೂರ್ಣವಲ್ಲ, ಒಪ್ಪಬೇಕು. ಆದರೆ ಕಾನೂನಿನ ಗೆರೆ ಎಲ್ಲಾದರೂ ಒಂದು ಕಡೆ ಬೀಳಲೇಬೇಕು, ಮತ್ತು ಪ್ರತಿ ಈಡಿಗೂ ಕೈ ಬೇಕಾಗುವ ಯಂತ್ರಕ್ಕೂ ಬೇಡದ ಯಂತ್ರಕ್ಕೂ ನಡುವೆ ಗೆರೆ ಎಳೆದದ್ದು ತೀರಾ ಅರ್ಥಹೀನವೂ ಅಲ್ಲ. ನಿಯಮ ತಪ್ಪೆನಿಸಿದವರು ಸರ್ಕಾರಕ್ಕೆ ಮನವಿ ಕೊಡಬಹುದು, ನ್ಯಾಯಾಲಯಕ್ಕೆ ಹೋಗಬಹುದು. ಕೋವಿ ಕೊಂಡು ಆಮೇಲೆ ವಾದಿಸುವುದು ಮಾತ್ರ ಕೈಲಾಗದ ಕೆಲಸ. ಇನ್ನೊಂದು ವಾದ ಮಾರುವವರ ಬಾಯಿಂದ ಬರುತ್ತದೆ: ‘ನನ್ನ ಹತ್ತಿರ ಲೈಸೆನ್ಸ್ ಇದೆಯಲ್ಲ, ಅದೇ ನಿಮಗೂ ಬರುತ್ತದೆ.’ ಬರುವುದಿಲ್ಲ. ಪರವಾನಗಿ ವ್ಯಕ್ತಿಗೆ ಕೊಟ್ಟದ್ದು, ಕೋವಿಯ ಜೊತೆ ಸಾಗುವ ಆರ್‌ಸಿ ಪುಸ್ತಕವಲ್ಲ. ಇದನ್ನು ಅರಿತರೆ ಅಗ್ಗದ ಗುಟ್ಟೂ ತಿಳಿಯುತ್ತದೆ. ವಿದೇಶಿ ಬಂದೂಕುಗಳ ಆಮದಿಗೆ 1980ರ ದಶಕದಿಂದ ಬಿಗಿ ಬಿದ್ದಿರುವುದರಿಂದ ಹಳೆಯ ಬ್ರೌನಿಂಗ್, ರೆಮಿಂಗ್ಟನ್ ಹೆಸರುಗಳಿಗೆ ಬೆಲೆ ಏರಬೇಕಿತ್ತು. ಆದರೂ ಒಂದು ಸೆಮಿ ಆಟೊಮ್ಯಾಟಿಕ್ ಕಡಿಮೆಗೆ ಬಂತೆಂದರೆ, ಕಾನೂನುಬದ್ಧವಾಗಿ ಕೊಳ್ಳಬಲ್ಲವರು ಬೆರಳೆಣಿಕೆಯಷ್ಟು ಇರುವುದೇ ಕಾರಣವಿರಬಹುದು. ಇಲ್ಲವಾದರೆ ಕಾಗದವೇ ಇಲ್ಲದಿರಬಹುದು. ಎರಡನೆಯದನ್ನು ಅನುಮಾನಿಸುವುದು ಅಸಭ್ಯತೆಯಲ್ಲ.

ಹಾಗೆಂದು ಕಾನೂನು ಸಾಮಾನ್ಯ ನಾಗರಿಕನ ಮುಖಕ್ಕೆ ಬಾಗಿಲು ಹಾಕಿದೆ ಎಂದಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಓದಿದರೆ ಅಚ್ಚರಿಯಾಗುತ್ತದೆ. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ, ಒಳಮೈ ನುಣುಪಾದ ನಳಿಕೆಯ ಕೋವಿಗೆ, ನಿಜವಾದ ಬೆಳೆ ರಕ್ಷಣೆಗೆ ಮದ್ದು ತುಂಬುವ ನಾಡಕೋವಿಗೆ, ಅರ್ಜಿದಾರ ಬೇರೆ ರೀತಿಯಲ್ಲಿ ಅನರ್ಹನಲ್ಲದಿದ್ದರೆ, ಪರವಾನಗಿ ‘ಕೊಡತಕ್ಕದ್ದು’ ಎಂದೇ ಅದು ಹೇಳುತ್ತದೆ. ಉಳಿದ ಬಹುತೇಕ ಆಯುಧಗಳಿಗೆ ‘ತಕ್ಕ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು’. ಅಂದರೆ ಬಜೆಟ್ ಚಿಕ್ಕದಿರುವ ತೋಟದ ಮಾಲೀಕನಿಗೆ ಹಳೆಯ ಜೋಡಿ ನಳಿಕೆಯ ಕೋವಿಯ ದಾರಿಯಲ್ಲಿ ಕಾನೂನು ಜೊತೆಗಿದೆ. ಸೆಮಿ ಆಟೊಮ್ಯಾಟಿಕ್ ದಾರಿಯಲ್ಲಿ ಎದುರಿಗಿದೆ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು, ಆಯುಧ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು, ಠಾಣೆಯ ವರದಿ ಬರಬೇಕು. 2016ರ ನಿಯಮಗಳು ಪೊಲೀಸ್ ವರದಿಗೂ ಆನಂತರದ ತೀರ್ಮಾನಕ್ಕೂ ಗಡುವು ಇಟ್ಟಿವೆ. ಕಚೇರಿಗಳಲ್ಲಿ ಗಡುವು ಏನಾಗುತ್ತದೆ ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ, ಆದರೆ ಗಡುವು ಇದೆ ಎಂದು ತಿಳಿದವರ ಜ್ಞಾಪನಾ ಪತ್ರಕ್ಕೆ ತೂಕ ಹೆಚ್ಚು. ನಿರಾಕರಿಸಿದರೆ ಅಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ಕೇಳಿದರೆ ಅದರ ಸಾರಾಂಶ ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಎನಿಸಿದಾಗ ಮಾತ್ರ ಕೊಡದಿರಬಹುದು. 18ನೇ ಸೆಕ್ಷನ್ ಅಡಿ ಮೇಲ್ಮನವಿ ಇದೆ. 2019ರಿಂದ ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮಾತ್ರ 3ರಿಂದ 2ಕ್ಕೆ ಇಳಿದಿದೆ.

ಪರವಾನಗಿ ಕೈಗೆ ಬಂತು, ಪರಿಚಯದವರೊಬ್ಬರ ಬಳಿ ಒಳ್ಳೆಯ ಕೋವಿಯೂ ಇದೆ ಎನ್ನಿ. ದುಡ್ಡು ಕೊಟ್ಟು ತರುವಂತಿಲ್ಲ. ಸ್ವಂತ ಬಳಕೆಯ ಕೋವಿಯನ್ನು ಖಾಸಗಿಯಾಗಿ ಮಾರಲು 5ನೇ ಸೆಕ್ಷನ್ ಅವಕಾಶ ಕೊಡುತ್ತದೆ, ಆದರೆ ಷರತ್ತು ಎರಡು: ಮಾರುವವರು ತಮ್ಮ ಉದ್ದೇಶವನ್ನೂ ಕೊಳ್ಳುವವರ ಹೆಸರು ವಿಳಾಸವನ್ನೂ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಯ ಅಧಿಕಾರಿಗೆ ಬರೆದು ತಿಳಿಸಬೇಕು, ತಿಳಿಸಿದ ಮೇಲೆ 45 ದಿನ ಕಳೆಯಬೇಕು. ಇದನ್ನು ಮುರಿದರೆ ಮಾರಿದವರಿಗೆ 6 ತಿಂಗಳವರೆಗೆ ಸೆರೆ ಅಥವಾ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 500 ರೂಪಾಯಿ ಎಂದರೆ ಈಗ ಒಂದು ಹೊತ್ತಿನ ಊಟದ ಬಿಲ್ಲು, ನಿಜ. ದಂಡ ನೋಡಿ ಉದಾಸೀನ ಮಾಡುವವರು ಒಂದನ್ನು ಮರೆಯುತ್ತಾರೆ: ನೋಟಿಸಿನ ಸ್ವೀಕೃತಿ ಪ್ರತಿಯೇ ಆ ಕೋವಿ ನಿಮ್ಮ ಕೈಗೆ ನೆಟ್ಟಗೆ ಬಂತೆಂಬುದಕ್ಕೆ ಸಾಕ್ಷಿ. ಕಾಯಲಾರದವರಿಗೆ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಅಂಗಡಿ ಇದೆ. ಈ 45 ದಿನದ ಷರತ್ತು ಪರವಾನಗಿಯುಳ್ಳ ವ್ಯಾಪಾರಿ ಮಾಡುವ ಮಾರಾಟಕ್ಕಲ್ಲ. ಅಂಗಡಿಯಲ್ಲಿ ಬೆಲೆ ತುಸು ಹೆಚ್ಚಾದೀತು. ರಿಜಿಸ್ಟರಿನ ನಮೂದು ಮತ್ತು ರಸೀದಿಯ ಬೆಲೆ ಅದು ಎಂದುಕೊಳ್ಳಬೇಕು. ಎಲ್ಲಿಂದ ತಂದರೂ ತಡಮಾಡದೆ ಕೋವಿಯ ವಿವರ, ನಂಬರು ಪರವಾನಗಿಯಲ್ಲಿ ದಾಖಲಾಗಬೇಕು.

ಕೋವಿಯನ್ನು ಕೈಗೆತ್ತಿ ನೋಡುವ ಹಂತದಲ್ಲೂ ಕಾನೂನು ಬೆನ್ನು ಬಿಡುವುದಿಲ್ಲ. ತಯಾರಕರ ಹೆಸರು ಮತ್ತು ನಂಬರು ಲೋಹದ ಮೇಲೆ ಓದುವಂತಿರಬೇಕು. 8ನೇ ಸೆಕ್ಷನ್ ಪ್ರಕಾರ ಗುರುತು ಅಳಿಸಿದ ಬಂದೂಕು ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದ್ದೆಂದು ನ್ಯಾಯಾಲಯ ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊರೆ ಅವರದೇ. ಐವತ್ತು ವರ್ಷ ಎಣ್ಣೆ ಬಟ್ಟೆಯಲ್ಲಿ ಉಜ್ಜಿ ಸವೆದದ್ದು ಎಂಬ ಸಮಜಾಯಿಷಿ ನಿಜವೇ ಇರಬಹುದು, ಆದರೂ ಅಂಥದ್ದನ್ನು ಮುಟ್ಟದಿರುವುದು ಲೇಸು. ನಳಿಕೆಯನ್ನು ಅಳತೆ ಪಟ್ಟಿಯಿಂದ ಅಳೆಯಿರಿ. 20 ಅಂಗುಲಕ್ಕಿಂತ ಗಿಡ್ಡವಾದ ನುಣುಪು ನಳಿಕೆ ಮತ್ತೆ ಒಂದನೇ ವರ್ಗಕ್ಕೇ ಬೀಳುತ್ತದೆ, ತುದಿ ಬಿರುಕು ಬಿಟ್ಟಿತೆಂದು ಯಾರೋ ಕತ್ತರಿಸಿದ್ದರೆ ಅದೇ ಬೇರೆ ಅಪರಾಧ. ಇನ್ನುಳಿದದ್ದು ಸುರಕ್ಷತೆಯ ಮಾತು. ಹಳೆಯ ಕೋವಿಗಳಲ್ಲಿ ತೋಟೆ ಕೂರುವ ಮನೆ 65 ಮಿಲಿಮೀಟರಿನದಾಗಿರುವುದುಂಟು, ಈಗ ಸಿಗುವ ತೋಟೆ ಹೆಚ್ಚಾಗಿ 70 ಮಿಲಿಮೀಟರಿನದು. ಉದ್ದದ ತೋಟೆ ಒಳಗೆ ಕೂತರೂ ಸಿಡಿದಾಗ ಒತ್ತಡ ಮೀರಿ ನಳಿಕೆಗೂ ಕೈಗೂ ಅಪಾಯ. ಜೋಡಿ ನಳಿಕೆ ಮಡಚಿ ಮುಚ್ಚಿದಾಗ ಅಲುಗಾಡಿದರೆ, ಒಳಗೆ ತುಕ್ಕಿನ ಗುಳಿ ಕಂಡರೆ, ಪರವಾನಗಿಯುಳ್ಳ ರಿಪೇರಿಯವರ ಅಭಿಪ್ರಾಯ ಕೇಳದೆ ಮಾತು ಮುಂದುವರಿಸಬಾರದು.

ಕೊಡಗಿನ ಪ್ರಶ್ನೆ ಇಲ್ಲಿ ಬರಲೇಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ ಅಂತ್ಯದವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ಎತ್ತಿಹಿಡಿಯಿತು. ಇದನ್ನೇ ಹಿಡಿದು ‘ಕೊಡಗಿನ ಸ್ನೇಹಿತರ ಹೆಸರಿನಲ್ಲಿ ಕೊಂಡರಾಯಿತು’ ಎನ್ನುವವರುಂಟು. ವಿನಾಯಿತಿ ಆ ಸಮುದಾಯಕ್ಕೆ, ಆ ಹಿಡುವಳಿಗೆ ಸೇರಿದ್ದು; ಹಾಸನದವರ ಬೀರುವಿಗೆ ಅದು ಬರುವುದಿಲ್ಲ. ಅದು ಇಡೀ ಕಾಯ್ದೆಯಿಂದ ಬಿಡುಗಡೆಯೂ ಅಲ್ಲ. ಅಳಿಸಿದ ನಂಬರಿನ ಕೋವಿ ಮಡಿಕೇರಿಯಲ್ಲೂ ಅಪರಾಧವೇ.

ಮಲೆನಾಡಿನವರು ಗಮನಿಸದೆ ಬಿಡುವ ಇನ್ನೊಂದು ಕಾನೂನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅಭಯಾರಣ್ಯದ ಸುತ್ತಲಿನ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹೊಸ ಕೋವಿ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕೆಂದು ಅದರ 34ನೇ ಸೆಕ್ಷನ್ ಹೇಳುತ್ತದೆ. ಸೋಮೇಶ್ವರ, ಮೂಕಾಂಬಿಕಾ, ಪುಷ್ಪಗಿರಿಗಳ ಅಂಚಿನ ಊರುಗಳಲ್ಲಿ ಅರ್ಜಿ ಕೂತಲ್ಲೇ ಕೂರುವುದಕ್ಕೆ ಎಷ್ಟೋ ಸಲ ಇದೂ ಒಂದು ಕಾರಣವಿದ್ದೀತು. ಕೋವಿಗೆ ಮುಂಗಡ ಕೊಡುವ ಮೊದಲು ಮನೆಯಿಂದ ಅಭಯಾರಣ್ಯದ ಗಡಿಗೆ ಎಷ್ಟು ದೂರ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಕೊಳ್ಳಬಹುದು.

ದುಡ್ಡೇ ಬೇಡದ ಸೆಕೆಂಡ್ ಹ್ಯಾಂಡ್ ಕೋವಿಯೂ ಒಂದಿದೆ: ಮನೆಯ ಹಿರಿಯರದು. ಪರವಾನಗಿದಾರ ತೀರಿಕೊಂಡರೆ ವಾರಸುದಾರರು, ಬದುಕಿದ್ದರೂ ಅವರಿಗೆ 70 ವರ್ಷವಾದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ ಅವರ ವಾರಸುದಾರರಲ್ಲಿ ಒಬ್ಬರು, ತಮ್ಮ ಹೆಸರಿಗೆ ಪರವಾನಗಿ ಕೇಳಲು 2016ರ ನಿಯಮಗಳಲ್ಲಿ ಅವಕಾಶವಿದೆ. ಆದರೆ ಮಾಲೀಕರು ತೀರಿಕೊಂಡ ಮೇಲೆ ಕೋವಿ ಅಟ್ಟದ ಮೇಲೆ ಇರಕೂಡದು. ಹೊಸ ಪರವಾನಗಿ ಬರುವವರೆಗೆ ಅದನ್ನು ಹತ್ತಿರದ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು, ಕೋವಿಯ ನಂಬರು ಬರೆದ ರಸೀದಿಯನ್ನು ಮರಣ ಪ್ರಮಾಣಪತ್ರದ ಜೊತೆಗೇ ಇಟ್ಟುಕೊಳ್ಳಬೇಕು.